ಪಿ.ಟಿ. ಮೇಷ್ಟ್ರ ತಿಪ್ಪೆ

ಸ್ವಂತ ಮನೆಯ ತಿಪ್ಪೆಯೊಳಗೆ ಕೈ ಹಾಕಿದವನಿಗೆ ಯಾರದೋ ಸ್ಟೀಲ್ ಮುಚ್ಚಳ ಸಿಕ್ಕರೆ ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ. ಕಾಂತರಾಜನಿಗಂತೂ ಬಂತು. ಕಾರಣವಿಲ್ಲದಿದ್ದರೂ ಅವನಿಗೆ ಬರುತ್ತಿತ್ತು, ಆ ಮಾತು ಬೇರೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ತಿರುಗುವ ಆಸಾಮಿ. ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಭಾನುವಾರವೂ ಕೊರಳಲ್ಲಿ ವಿಷಲ್ ಇಲ್ಲದೆ ಹಿತ್ತಿಲಿಗೆ ಕಾಲಿಟ್ಟವನಲ್ಲ.

ಡಿಸೆಂಬರಿನ ಭಾನುವಾರ, ಬೆಳಿಗ್ಗೆ ಆರೂವರೆ. ಉರಿಗಾಂನಲ್ಲಿ ಚಿನ್ನದ ಗಣಿಯ ಕೂಲಿಗಳಿಗೆಂದು ಕಟ್ಟಿದ ಹಳೇ ಲೈನ್ ಮನೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕಾಂತರಾಜ ಮುಚ್ಚಳದ ಸುತ್ತ ಗೊಬ್ಬರ ಕೆದಕಿದ. ಮುಚ್ಚಳದ ಕೆಳಗೆ ಪಾತ್ರೆ. ಎರಡೂ ಕೈ ಕೊಟ್ಟು ಎಳೆದ. ದೊಡ್ಡ ಪಾತ್ರೆ, ಅದರ ತುಂಬ ಇಡ್ಲಿ ಹಿಟ್ಟು. ಆ ಹಿಟ್ಟು ಹೇಗೆ ಉಬ್ಬಿತ್ತೆಂದರೆ, ಮುಚ್ಚಳವನ್ನು ತಾನೇ ಎತ್ತಿಕೊಂಡು ಬಂದು ಅವನ ಚಪ್ಪಲಿಯ ಮೇಲೆ ಇಳಿಯಿತು.

"ಪುಷ್ಪಾ!"

"ಏನ್ರೀ ಅದು, ಬೆಳಿಗ್ಗೆ ಬೆಳಿಗ್ಗೆ?" ಎಂದು ಹೆಂಡತಿ ಬಾಗಿಲಿಗೆ ಬಂದಳು.

"ನಮ್ ತಿಪ್ಪೇಲಿ ಇಡ್ಲಿ ಹಿಟ್ಟು ಬೆಳ್ದೈತೆ, ಬಂದ್ ನೋಡು!"

ಪುಷ್ಪ ಬಂದಳು, ನೋಡಿದಳು. "ಅದು ಸೆಲ್ವಿ ಪಾತ್ರೆ. ಪಕ್ಕದಲ್ಲಿ ಹೆಸ್ರು ಕೆತ್ಸೌಳೆ ನೋಡಿ."

"ಹೆಸ್ರು ಕೇಳಿದ್ನಾ ನಾನು? ಇಲ್ಲಿಗೆ ಹೆಂಗ್ ಬಂತು ಅಂತ ಕೇಳ್ದೆ!"

"ಹಾಲು ಉಕ್ತದೆ," ಎಂದು ಪುಷ್ಪ ಒಳಗೆ ಹೋಗಿಬಿಟ್ಟಳು. ಒಲೆಯ ಮೇಲೆ ಹಾಲು ಇರಲಿಲ್ಲ.

ಅವನ ಸಿಟ್ಟಿಗೆ ಅರ್ಥವಿಲ್ಲದೆ ಇರಲಿಲ್ಲ. ಅದು ಸುಮ್ಮನೆ ಕಸ ಸುರಿದ ತಿಪ್ಪೆಯಲ್ಲ. ಅದರ ನೆತ್ತಿಯ ಮೇಲೆ, ಗೋಣಿಚೀಲ ಹೊದ್ದ ಒಂದು ಒಡಕು ಬಾಂಡ್ಲಿಯ ಮಣ್ಣಿನಲ್ಲಿ, ಇಪ್ಪತ್ತೊಂದು ಬದನೆ ಬೀಜ ಮಲಗಿದ್ದವು. ಕಾಂತರಾಜನ ತಾಯಿ ಪೆದ್ದಮ್ಮ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಳಿ ಅದು. ಬಿಳಿ ಗೆರೆಯ ಹಸಿರು ಕಾಯಿ, ತೊಟ್ಟಿಗೆ ಮುಳ್ಳು. ಐವತ್ತು ವರ್ಷ ಈ ಹಿತ್ತಿಲಲ್ಲಿ ಬಿಟ್ಟಿತ್ತು. ಎರಡು ವರ್ಷದ ಹಿಂದೆ ಪೆದ್ದಮ್ಮ ಬೀಜಕ್ಕೆಂದು ಗಿಡದಲ್ಲೇ ಬಿಟ್ಟಿದ್ದ ಒಂದೇ ಒಂದು ಕಾಯಿಯನ್ನು ಕಾಂತರಾಜ ಕಿತ್ತುಬಿಟ್ಟ. ಅವತ್ತು ಹೆಡ್ಮಾಸ್ಟರ ಜೊತೆ ಜಗಳವಾಡಿ ಬಂದಿದ್ದ, ಮನೆಯಲ್ಲಿ ತರಕಾರಿ ಇರಲಿಲ್ಲ. ಹಳದಿ ತಿರುಗಿ, ಬಲಿತು, ಕಹಿಯಾಗಿದ್ದ ಕಾಯಿ. ಅದನ್ನು ಸುಡಿಸಿ ಗೊಜ್ಜು ಮಾಡಿಸಿಕೊಂಡು, ಕಹಿ ಅಂತ ಗೊತ್ತಾದ ಮೇಲೂ ಹಟಕ್ಕೆ ಪೂರ್ತಿ ತಿಂದ. ಆ ಬೇಸಿಗೆಯಲ್ಲಿ ಗಿಡವೂ ಒಣಗಿತು.

ಅಂದಿನಿಂದ ಪೆದ್ದಮ್ಮ ಮಗನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಬೀಜದ ಕಾಯಿ ತಿಂದೋನು ಬಂದ, ಅನ್ನ ಇಕ್ಕು," ಎನ್ನುತ್ತಿದ್ದಳು ಸೊಸೆಗೆ. ಎರಡು ವರ್ಷ, ದಿನಕ್ಕೆ ಎರಡು ಸಲ.

ಈ ಸಲದ ಕಾರ್ತಿಕದಲ್ಲಿ ಮುದುಕಿ ಟ್ರಂಕಿನ ತಳದಿಂದ ಒಂದು ಔಷಧಿ ಸೀಸೆ ತೆಗೆದಳು. ಸೀಸೆಯ ತುಂಬ ಬೂದಿ. ಬೂದಿ ಜಾಲಿಸಿ ಮಗನ ಅಂಗೈಗೆ ಬೀಜ ಎಣಿಸಿದಳು.

"ಇಪ್ಪತ್ತೊಂದವೆ, ಎಣಿಸ್ಕ. ಗಿಡ ಮಾಡು. ಉಗಾದಿ ಸಾರಿಗೆ ನಂಗೆ ನನ್ ಬದ್ನೆಕಾಯಿ ಬೇಕು. ಆಗ ನಿನ್ನ ಕಾಂತರಾಜ ಅಂತ ಕರೀತೀನಿ."

ಹಳೇ ಬೀಜ, ಮೇಲೆ ಈ ಚಳಿ. ಬದನೆ ಬೀಜ ಬೆಚ್ಚಗಿಲ್ಲದಿದ್ದರೆ ಕಣ್ಣು ಬಿಡುವುದಿಲ್ಲ. ದಾರಿ ತೋರಿಸಿದವನು ಬೇತಮಂಗಲದ ಹಸು ಸಾಕುವ ಶ್ರೀರಾಮಪ್ಪ. ಹಸಿ ಸಗಣಿ, ಹುಲ್ಲು, ತರಕಾರಿ ಸಿಪ್ಪೆ ಪದರ ಪದರ ಹಾಕಿ ನೀರು ಚಿಮುಕಿಸಿದರೆ ತಿಪ್ಪೆ ತಾನೇ ಬಿಸಿಯಾಗುತ್ತದೆ, ಅದರ ಮೇಲೆ ಬೀಜದ ಬಾಂಡ್ಲಿ ಇಡಿ ಎಂದ. "ಕಾವು ಎಷ್ಟಿರ್ಬೇಕು ಗೊತ್ತಾ ಮೇಷ್ಟ್ರೇ? ಕಾವಿಗ್ ಕೂತ ಕೋಳಿ ಒಟ್ಟೆ ಕೆಳಗೆ ಕೈ ಇಟ್ರೆ ಎಂಗಿರ್ತದೋ ಅಂಗಿರ್ಬೇಕು. ದಿನಾ ಕೈ ಇಟ್ ನೋಡಿ." ಕಾಂತರಾಜ ಗೊತ್ತು ಗೊತ್ತು ಎಂದು ತಲೆಯಾಡಿಸಿದ. ಅವನಿಗೆ ಕೋಳಿ ಗೊತ್ತಿದ್ದದ್ದು ಸಾರಿನಲ್ಲಿ ಮಾತ್ರ.

ಸಿಪ್ಪೆಗಾಗಿ ಅಕ್ಕಪಕ್ಕದ ಮನೆಗಳ ಮುಂದೆ ಬಕೆಟ್ ಹಿಡಿದು ನಿಂತ. ತಿಪ್ಪೆ ಬಿಸಿಯಾದ ಮೇಲೆ ಬೀದಿ ನಲ್ಲಿಯ ಹತ್ತಿರ, "ಒಳಗೆ ಕೈ ಇಟ್ರೆ ಒಲೆ ಮುಂದೆ ಕೂತಂಗೈತೆ," ಎಂದು ಕೇಳಿದವರಿಗೂ ಕೇಳದವರಿಗೂ ಕೊಚ್ಚಿಕೊಂಡ. ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬೀಜ ಹಾಕಿ ಒಂಬತ್ತು ದಿನವಾಗಿತ್ತು. ದಿನವೂ ಶಾಲೆಗೆ ಹೊರಡುವ ಆತುರದಲ್ಲಿ ಗೋಣಿ ಎತ್ತಿ ಮಣ್ಣು ನೋಡಿ ಹೋಗುತ್ತಿದ್ದ, ಏನೂ ಕಾಣುತ್ತಿರಲಿಲ್ಲ. ಇವತ್ತು ಭಾನುವಾರ, ನಿಧಾನವಾಗಿ ತಿಪ್ಪೆಯ ಒಳಗೇ ಕೈ ಹಾಕಿ ನೋಡೋಣ ಅಂತ ಬೇಗ ಎದ್ದಿದ್ದ. ಸಿಕ್ಕಿದ್ದು ಮುಚ್ಚಳ.

"ಅಣ್ಣಾ, ಮೆದುವಾ, ಮೆದುವಾ! ಚೆಲ್ಬುಡ್ತೀರ!" ಸೆಲ್ವಿ ಓಡಿ ಬಂದಳು. ಎದುರು ಮನೆಯವಳು, ಬೀದಿ ಮೂಲೆಯಲ್ಲಿ ಬೆಳಿಗ್ಗೆ ಇಡ್ಲಿ ಹಾಕಿ ಬದುಕುವವಳು.

"ಏನಮ್ಮಾ ಸೆಲ್ವಿ, ಇದು ತಿಪ್ಪೆ! ಸಗಣಿ! ಇದ್ರೊಳಗೆ ಜನ ತಿನ್ನೋ ಹಿಟ್ಟಾ?"

"ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಬಿಗಿ ಮಾಡಿ, ಮೇಲೆ ಕವರ್ ಸುತ್ತೇ ಇಕ್ಕೋದು ಅಣ್ಣಾ. ಇವತ್ತೇ ಎಲ್ಲಾ ಬಿಚ್ಕಂಡೈತೆ, ಸ್ಯಾನೆ ಉಬ್ಬಿ. ಈ ಕುಳಿರ್ಗೆ ಮಾವು ಪೊಂಗಮಾಟೇಂಗುದು. ಈ ಚಳಿಗೆ ಹಿಟ್ಟೇ ಉಬ್ಬಲ್ಲ ಅಂದ್ರೆ ನನ್ ಇಡ್ಲಿ ಕಲ್ಲಾಗ್ತದೆ, ಯಾರ್ ತಿಂತಾರೆ? ಒಂದ್ ವಾರದಿಂದ ನೋಡಿ, ಮಲ್ಲಿಗೆ ಊವು!"

"ಒಂದು ವಾರದಿಂದಾ?"

"ನೀವೇ ಮೊನ್ನೆ ಆರು ತಿಂದ್ರಲ್ಲಣ್ಣಾ. ಇನ್ನೆರಡು ಹಾಕು ಅಂದ್ರಿ."

ಕಾಂತರಾಜ ಪಕ್ಕಕ್ಕೆ ತಿರುಗಿ ಥೂ ಎಂದು ಉಗಿದ. ಪಾತ್ರೆ ಎದ್ದ ಗುಂಡಿಯಲ್ಲಿ ಒಂದು ಒದ್ದೆ ಬಟ್ಟೆಯ ಸಿಂಬೆ ಉಳಿದಿತ್ತು. "ತಗೊಂಡೋಗು ನಿನ್ನ ಹರಕು ಬಟ್ಟೇನೂ!" ಎಂದು ಅದನ್ನು ಎತ್ತಿ ಎಸೆದ. ಸೆಲ್ವಿ ಹಿಟ್ಟಿನ ಪಾತ್ರೆಯನ್ನೂ ಬಿಟ್ಟು ಎರಡೂ ಕೈ ಚಾಚಿ ಬಟ್ಟೆಯನ್ನು ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಪಾತ್ರೆ ಎತ್ತಿಕೊಂಡು ಹೊರಟಳು.

ಕಾಂತರಾಜ ಗುದ್ದಲಿ ತಂದು ತಿಪ್ಪೆಯ ಇನ್ನೊಂದು ಮಗ್ಗುಲು ಬಗೆದ. ಒಂದು ಗೋಣಿ ಗಂಟು, ಅದರೊಳಗೆ ಹಣ್ಣಾಗಲು ಇಟ್ಟ ಎರಡು ಚಿಪ್ಪು ಬಾಳೆಕಾಯಿ. ಅದರ ಪಕ್ಕ ಪಿಂಗಾಣಿ ಭರಣಿ. ಭರಣಿಯೊಳಗೆ ಗಟ್ಟಿ ಮೊಸರು.

ಅವನು ವಿಷಲ್ ಬಾಯಿಗಿಟ್ಟು ಊದಿದ. ಆರು ಮನೆಯ ಹಿತ್ತಿಲ ಬಾಗಿಲು ತೆರೆದವು.

"ಅಲ್ಲಾಡಿಸ್ಬೇಡಿ ಮೇಷ್ಟ್ರೇ! ಮೊಸರು ಒಡೀತದೆ!" ಪಕ್ಕದ ಮನೆಯ ಗಂಗರತ್ನಮ್ಮ ಕೂಗಿದಳು. ಮಾತಿಗೆ ನಿಂತರೆ ಎದುರಿನವರು ಕೂರಬೇಕು, ಅಂಥ ಹೆಂಗಸು.

"ನಾಚಿಕೆ ಆಗಲ್ವೇನಮ್ಮಾ? ಪುಕ್ಕಟೆ ಸಿಕ್ರೆ ನಂಗೊಂದಿರ್ಲಿ ನಮ್ಮಪ್ಪಂಗೊಂದಿರ್ಲಿ ಅಂತ ಬಂದು ಇಕ್ಕೋದಾ? ಬಾಳೆಕಾಯಿ ಯಾರ್ದು?"

"ಅದೂ ನಂದೇ. ಒಂದೇ ಇಕ್ಕಿದ್ರೆ ನಿಮಗೇನ್ ಕಮ್ಮಿ ಸಿಟ್ಟು ಬತ್ತಿತ್ತಾ?"

ಇಷ್ಟರಲ್ಲಿ ಕುಪ್ಪುಸ್ವಾಮಿ ತಾತ ಬಂದರು. ಗಣಿಯಲ್ಲಿ ದುಡಿದು ಮಂಡಿ ಸವೆಸಿಕೊಂಡ ಜೀವ. ಬಂದವರು ಯಾರನ್ನೂ ಮಾತಾಡಿಸದೆ, ತಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಿಪ್ಪೆಯ ಮೂರನೇ ಮಗ್ಗುಲಿಗೆ ಹಾಕಿಕೊಂಡು, ಪಂಚೆ ಮೇಲೆತ್ತಿ, ಅಲ್ಲಿ ಮೊದಲೇ ಇದ್ದ ಎರಡು ತೂತುಗಳಿಗೆ ಎರಡೂ ಕಾಲು ಮಂಡಿತನಕ ಇಳಿಬಿಟ್ಟು, ಕಣ್ಣು ಮುಚ್ಚಿ "ಮುರುಗಾ" ಎಂದರು.

"ತಾತಾ! ಏನಿದು?"

"ಕಾಲು ಕಾಸ್ತಿದ್ದೀನಿ ತಂಬಿ. ಭಾನುವಾರ ನೀನು ಎಂಟ್ ಗಂಟೆಗೆ ತಾನೆ ಏಳೋದು? ಇವತ್ತೇನು ಬೇಗ?"

ಕೇಳಿದ ಧಾಟಿ ನೋಡಿದರೆ ತಪ್ಪು ಕಾಂತರಾಜನದೇ. ಅವನು ಬಗ್ಗಿ ತಿಪ್ಪೆಯ ನಡುವೆ ಕೈ ತೂರಿಸಿದ. ಒಲೆಯೂ ಇಲ್ಲ, ಬೆಂಕಿಯೂ ಇಲ್ಲ. ಬಸ್ಸಿನಲ್ಲಿ ಯಾರೋ ಈಗಷ್ಟೇ ಎದ್ದುಹೋದ ಸೀಟಿನಷ್ಟು ಬೆಚ್ಚಗಿತ್ತು, ಅಷ್ಟೇ.

"ಕಾವೆಲ್ಲಾ ನುಂಗ್ಬಿಟ್ರಲ್ರೀ! ಅದಕ್ಕೇ ನನ್ನ ಬೀಜ ಹುಟ್ಟಿಲ್ಲ! ನನ್ನ ಬೀಜದ ಕಾವು ನಿಮ್ಮ ಮೊಸರಿಗೆ, ನಿಮ್ಮ ಬಾಳೆಕಾಯಿಗೆ, ನಿಮ್ಮ ಮಂಡಿಗೆ! ಏಳಿ ತಾತಾ, ಎದ್ದೇಳಿ!"

"ಗಣಿ ತಳದಲ್ಲೂ ಇದೇ ಕಾವು ಇತ್ತು ತಂಬಿ," ಎಂದರು ಕುಪ್ಪುಸ್ವಾಮಿ, ಕಣ್ಣು ತೆರೆಯದೆ. "ಅಲ್ಲಿ ಬೇಡ ಬೇಡ ಅಂದ್ರೂ ಕೊಟ್ರು. ಇಲ್ಲಿ ಬೇಕು ಅಂದ್ರೆ ನೀನು ವಿಷಲ್ ಊದ್ತೀಯ."

ಕಾಂತರಾಜ ಕುರ್ಚಿ ಹಿಡಿದು ಎಳೆದ. ಕುರ್ಚಿ ಬಂತು, ತಾತ ಬರಲಿಲ್ಲ. ಕಾಲು ತಿಪ್ಪೆಯೊಳಗೇ ನಾಟಿಕೊಂಡಿದ್ದರಿಂದ ಅವರು ಸಾವಕಾಶವಾಗಿ ಹಿಂದಕ್ಕೆ ವಾಲಿ, ಆಸರೆಗೆ ಮೇಷ್ಟ್ರ ವಿಷಲ್ ದಾರವನ್ನೇ ಹಿಡಿದರು. ಇಬ್ಬರೂ ಸಿಪ್ಪೆಯ ಮೇಲೆ ಬಿದ್ದರು. ಕಾಂತರಾಜನ ಕಾಲು ತಗುಲಿ ಭರಣಿ ಉರುಳಿ ಒಡೆಯಿತು.

"ಅಯ್ಯೋ, ನಮ್ಮತ್ತೆ ಕಾಲದ ಭರಣಿ!" ಗಂಗರತ್ನಮ್ಮ ಸೆರಗು ಬಿಗಿದು ಬೇಲಿ ದಾಟಿ ಬಂದಳು. "ಇವನ ತಿಪ್ಪೆಯಂತೆ ತಿಪ್ಪೆ! ಸಿಪ್ಪೆ ಯಾರ್ದಯ್ಯಾ? ದಿನಾ ಬಕೆಟ್ ಹಿಡ್ಕಂಡು ಅಮ್ಮಾ ತಾಯಿ ಅಂತ ನಿಂತಿದ್ದೋನು ಯಾರು? ಅರ್ಧ ತಿಪ್ಪೆ ನಮ್ ಸೌತೆಕಾಯಿ ಸಿಪ್ಪೆ! ನಮ್ ಸಿಪ್ಪೆ ಕಾವು ನಮ್ಗೆ ಬೇಡ್ವಾ?"

"ಅಂಗಾದ್ರೆ ತಗೊಂಡೋಗಿ! ನಿಮ್ ಸಿಪ್ಪೆ, ನಿಮ್ ನಾತ, ಎಲ್ಲಾ ತಗೊಂಡೋಗಿ! ಇನ್ಮೇಲೆ ನನ್ ತಿಪ್ಪೆ ಮುಟ್ಟಿದೋರ ಕೈ ಮುರೀತೀನಿ!"

ಕೋಪದಲ್ಲಿ ಆಡಿದ ಮಾತು. ಮರ್ಯಾದಸ್ಥರಾಗಿದ್ದರೆ ಮುಖ ತಿರುವಿ ಹೋಗುತ್ತಿದ್ದರು. ಇವರು ಮಂಕರಿ ತಂದರು! ಒಬ್ಬೊಬ್ಬರೂ ತಮ್ಮ ಪಾಲಿನ ಸಿಪ್ಪೆಯನ್ನು, ಅದು ಈಗ ಯಾವುದು ಯಾರದೆಂದು ದೇವರಿಗೂ ಗೊತ್ತಾಗದಷ್ಟು ಕೊಳೆತಿದ್ದರೂ, ತುಂಬಿಕೊಂಡು ಹೋದರು. ಕಾಂತರಾಜ ಬೀಜದ ಬಾಂಡ್ಲಿಯನ್ನು ಎದೆಗವಚಿಕೊಂಡು ನಿಂತಿದ್ದ. ಅವರು ಹೋದ ಮೇಲೆ ತಿಪ್ಪೆ ಮಂಡಿಯೆತ್ತರಕ್ಕೆ ಇಳಿದಿತ್ತು.

ಪೆದ್ದಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತ ಇಷ್ಟನ್ನೂ ನೋಡಿದ್ದಳು.

"ನೀನು ದಿನವಿಡೀ ಇಲ್ಲೇ ಕೂತಿರ್ತೀಯಲ್ಲ, ಇವರು ಇಕ್ಕೋದು ಕಾಣಲಿಲ್ವಾ?" ಎಂದು ಅವಳ ಮೇಲೆ ಹರಿಹಾಯ್ದ.

"ಕಾಣ್ತು."

"ಮತ್ತೆ?"

"ಚಳಿಯಲ್ಲಾ ಪಾಪ, ಇಕ್ಕಳ್ಳಿ ಅಂದೆ."

ಎಳೆದಾಟದಲ್ಲಿ ಬಾಂಡ್ಲಿಯ ಗೋಣಿ ಜಾರಿತ್ತು. ಕಾಂತರಾಜ ಬಗ್ಗಿ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕಪ್ಪು ಮಣ್ಣಿನಿಂದ ಬಿಳಿ ದಾರದ ಹಾಗೆ ಸೊಂಟ ಬಗ್ಗಿಸಿಕೊಂಡು ಮೊಳಕೆಗಳು ಎದ್ದಿದ್ದವು. ಒಂದು, ಎರಡು, ಐದು, ಏಳು!

"ಅವ್ವಾ! ಬಂದೈತೆ! ಏಳು ಬಂದೈತೆ!"

ಪೆದ್ದಮ್ಮ ಎದ್ದು ಬಂದಳು. ಬಾಂಡ್ಲಿಯ ಮೇಲೆ ಮುಖವಿಟ್ಟು ನೋಡಿದಳು. ಮುದುಕಿಯ ಕಣ್ಣು ಒದ್ದೆಯಾಯಿತು, ಕಾಂತರಾಜನದೂ ಆಯಿತು, ಸುಳ್ಳು ಹೇಳಬಾರದು. ಅವಳ ಬಾಯಿ ಅವನ ಹೆಸರಿನ ಮೊದಲ ಅಕ್ಷರದ ತನಕ ಬಂತು.

"ಕಾ... ಇರು, ಕಾಯಿ ಬರ್ಲಿ," ಎಂದು ನುಂಗಿಕೊಂಡಳು. "ಮೊಳಕೆ ಬಂತಲ್ಲ, ಇನ್ ಕಾವು ಸಾಕು ಕಣ್ಲಾ. ಬಿಸ್ಲಿಗಿಕ್ಕು."

"ಇನ್ನೂ ಹದಿನಾಕು ಬರ್ಬೇಕಲ್ಲ! ಅಷ್ಟು ಜನ ಕಾವು ಕದ್ದೂ ಏಳು ಬಂದೈತೆ ಅಂದ್ರೆ, ಪೂರಾ ಕಾವು ಕೊಟ್ರೆ ನಾಳೆ ಬೆಳಿಗ್ಗೆಗೆ ಇಪ್ಪತ್ತೊಂದೂ ಎದ್ದು ನಿಲ್ತವೆ. ನಿಂಗೊತ್ತಾಗಲ್ಲ, ಸುಮ್ಕಿರು."

ಸ್ಕೂಟರ್ ಹತ್ತಿ ಬೇತಮಂಗಲಕ್ಕೆ ಹೋದ. ಶ್ರೀರಾಮಪ್ಪ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಚಿಕ್ಕವೆಂಕಟಮ್ಮ ಎರಡು ಮೂಟೆ ಹಸಿ ಸಗಣಿ, ಒಂದು ಹೊರೆ ಹುಲ್ಲು ಕೊಟ್ಟಳು. ಕೊಟ್ಟಿಗೆಯ ಮೂಲೆಯಲ್ಲಿ ಇನ್ನೊಂದು ಮೂಟೆ ಇತ್ತು.

"ಅದೇನಮ್ಮಾ?"

"ಕೋಳಿ ಗೊಬ್ರ ಕಣಪ್ಪಾ. ಅದು ಸ್ಯಾನೆ ಉಷ್ಣ, ಅಂಗೇ ಇಕ್ಕಿದ್ರೆ..."

"ಉಷ್ಣನೇ ಬೇಕಾಗಿರೋದು ನಂಗೆ!" ಎಂದು ಅದನ್ನೂ ಹೇರಿಕೊಂಡ. ಅವಳ ಮಾತು ಮುಗಿಯುವಷ್ಟು ತಾಳ್ಮೆ ಎಲ್ಲಿಂದ ಬರಬೇಕು.

ಮಧ್ಯಾಹ್ನ ಎರಡು ಗಂಟೆಗೆ ಹೊಸ ತಿಪ್ಪೆ ಎದ್ದಿತು, ಸೊಂಟದೆತ್ತರ. ಕೋಳಿ ಗೊಬ್ಬರ, ಸಗಣಿ, ಹುಲ್ಲು, ನೀರು. ಈ ಸಲ ಬಾಂಡ್ಲಿಯನ್ನು ಮೇಲೆ ಇಡಲಿಲ್ಲ. ನಟ್ಟನಡುವೆ ಗುಂಡಿ ತೋಡಿ ಕಂಠಮಟ್ಟ ಹೂತ. ಮೇಲೆ ಟಾರ್ಪಾಲು ಮುಚ್ಚಿ, ಶಾಲೆಯ ಹಗ್ಗಜಗ್ಗಾಟದ ಹಗ್ಗ ತಂದು ನಾಲ್ಕು ಸುತ್ತು ಬಿಗಿದು ಗಂಟು ಹಾಕಿದ. ತಾತನ ಕುರ್ಚಿಯನ್ನೇ ಹಾಕಿಕೊಂಡು, ವಿಷಲ್ ಕಚ್ಚಿಕೊಂಡು ಕಾವಲು ಕೂತ.

ಸಂಜೆಯ ತನಕ ಒಂದು ನರಪಿಳ್ಳೆ ಬರಲಿಲ್ಲ. ಬೈಯಲು ಯಾರೂ ಇಲ್ಲದೆ ಅವನಿಗೆ ಕೈಕಾಲೇ ಆಡಲಿಲ್ಲ.

"ಗೆದ್ರಿ ಬಿಡಿ," ಎಂದು ಪುಷ್ಪ ಕಾಫಿ ಕುಕ್ಕಿ ಹೋದಳು.

ಸೋಮವಾರ ಬೆಳಿಗ್ಗೆ ಟಾರ್ಪಾಲಿನ ಅಂಚುಗಳಿಂದ ಹಬೆ ಏಳುತ್ತಿತ್ತು. "ನೋಡು ಕಾವು ಅಂದ್ರೆ ಇದು!" ಎಂದು ಕಾಂತರಾಜ ಖುಷಿಯಿಂದ ಹಗ್ಗ ಬಿಚ್ಚಿದ. ಟಾರ್ಪಾಲು ಎತ್ತಿದರೆ ಹಬೆ ಮುಖಕ್ಕೆ ರಾಚಿತು. ಬಾಂಡ್ಲಿಗೆ ಕೈ ಹಾಕಿ, "ಸ್ಸ್!" ಎಂದು ಕಿತ್ತುಕೊಂಡ. ಟವೆಲಿನಲ್ಲಿ ಹಿಡಿದು ಹೊರಗೆ ತೆಗೆದ.

ಏಳು ಮೊಳಕೆಯೂ ಬೆಂದ ಸೊಪ್ಪಿನಂತೆ ಮಣ್ಣಿಗೆ ಅಂಟಿ ಮಲಗಿದ್ದವು. ಮಣ್ಣು ಕೆದಕಿ ಉಳಿದ ಬೀಜ ಹುಡುಕಿದ. ಬೆರಳಲ್ಲಿ ಒತ್ತಿದರೆ ಒಂದೊಂದೂ ಮೆತ್ತಗೆ ನುಣ್ಣಗಾಯಿತು. ಇಪ್ಪತ್ತೊಂದೂ ಬೆಂದಿದ್ದವು.

ಮರುಕ್ಷಣ ವಿಷಲ್ ಊದಿದ, ಉಸಿರು ಮುಗಿಯುವ ತನಕ ಊದಿದ. ಮತ್ತೆ ಆರು ಬಾಗಿಲು ತೆರೆದವು.

"ಯಾರು ಕೈ ಹಾಕಿದ್ದು? ಯಾರು ನನ್ ತಿಪ್ಪೆಗೆ ಕೈ ಹಾಕಿದ್ದು, ನಿಜ ಹೇಳಿ!"

"ನಿನ್ ಮನೆ ಕಾಯೋಗ, ಯಾರ್ ಹಾಕ್ತಾರೆ?" ಎಂದಳು ಗಂಗರತ್ನಮ್ಮ. "ಭರಣಿ ಆಣೆ, ಇತ್ಲಾಗೆ ತಿರುಗೂ ನೋಡಿಲ್ಲ."

"ಮುರುಗನಾಣೆ ತಂಬಿ, ನಾನು ಕಾಲೇ ಇಕ್ಕಿಲ್ಲ," ಎಂದರು ಕುಪ್ಪುಸ್ವಾಮಿ, ಗೋಡೆ ಹಿಡಿದುಕೊಂಡು. ಮಂಡಿ ಊದಿತ್ತು.

ಕಾಂತರಾಜ ಯಾರನ್ನೂ ನಂಬದೆ ಶ್ರೀರಾಮಪ್ಪನಿಗೆ ಫೋನು ಹಚ್ಚಿದ. ಸಾಕ್ಷಿಗೆ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಹೊಸ ತಿಪ್ಪೆ ಕಟ್ಟಿದ್ದು, ಏಳು ಮೊಳಕೆ ಬಂದು ಬೆಂದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದ.

"ಕೋಳಿ ಗೊಬ್ರ ಆಕಿ ಉಸಿರಾಡ್ದಂಗೆ ಮುಚ್ಚಿದ್ರಾ?" ಶ್ರೀರಾಮಪ್ಪನ ದನಿ ಹಿತ್ತಿಲ ತುಂಬ ಕೇಳಿಸಿತು. "ಬೆಂದೋಗ್ದೆ ಇನ್ನೇನಾಯ್ತದೆ ಮೇಷ್ಟ್ರೇ! ಕೈ ಇಟ್ ನೋಡ್ಲಿಲ್ವಾ? ನಿನ್ನೆ ಬೆಳಿಗ್ಗೆ ಮೊದ್ಲಿನ್ ತಿಪ್ಪೇಲಿ ಎಂಗಿತ್ತು ಕಾವು?"

"ಏನೂ ಇರ್ಲಿಲ್ಲ ಕಣ್ರೀ, ಬಸ್ ಸೀಟ್ನಷ್ಟು ಬೆಚ್ಚಗೆ..."

"ಅದೇ! ಅದೇ ಕೋಳಿ ಒಟ್ಟೆ ಕಾವು! ನೀವು ಕಟ್ಟಿದ್ ಆ ತಿಪ್ಪೇನೂ ಮೂರ್ ದಿನಕ್ಕೇ ಬೀಜ ಬೇಯಿಸ್ಬೇಕಾಗಿತ್ತು. ಯಾರೋ ಪುಣ್ಯಾತ್ಮರು ದಿನಾ ಬಗ್ದು ಬಗ್ದು ಹೆಚ್ಚಿನ್ ಕಾವು ತಗೀತಿದ್ರು ಅಂತ ಕಾಣ್ತದೆ, ಅದಕ್ಕೇ ಮೊಳಕೆ ಬಂತು. ಅವ್ರ್ ಕೈಗೊಂದು ನಮಸ್ಕಾರ ಮಾಡಿ."

ಪುಣ್ಯಾತ್ಮರೆಲ್ಲ ಅಲ್ಲೇ ನಿಂತಿದ್ದರು. ಕುಪ್ಪುಸ್ವಾಮಿ ತಮ್ಮ ಕಾಲನ್ನೇ ಒಂದು ಸಲ ಗೌರವದಿಂದ ನೋಡಿಕೊಂಡರು. ಗಂಗರತ್ನಮ್ಮ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟಳು.

ಕಾಂತರಾಜ ತಾಯಿಯ ಕಡೆ ತಿರುಗಿದ. ಸಿಟ್ಟೆಲ್ಲ ಇಳಿದು ಬರೀ ಭಯ ಉಳಿದಿತ್ತು. "ಅವ್ವಾ, ಎಲ್ಲಾ ಓಯ್ತು. ಇನ್ ಬೀಜ ಇಲ್ಲ."

ಪೆದ್ದಮ್ಮ ಬೈಯಲಿಲ್ಲ. "ಸೆಲ್ವೀ, ತತ್ತಾರಮ್ಮಾ," ಎಂದಳು.

ಸೆಲ್ವಿ ಸೊಂಟದಿಂದ ಅದೇ ಸಿಂಬೆ ಬಟ್ಟೆ ತೆಗೆದು ಮುದುಕಿಯ ಮಡಿಲಲ್ಲಿ ಮೆಲ್ಲಗೆ ಬಿಚ್ಚಿದಳು. ಒದ್ದೆ ಬಟ್ಟೆಯ ಮಡಿಕೆಯೊಳಗೆ ಹನ್ನೆರಡು ಬದನೆ ಬೀಜ, ಹನ್ನೆರಡಕ್ಕೂ ಎಳೆ ಬಿಳಿ ಬಾಲ. ಒಂದು ವಾರ ಹಿಟ್ಟಿನ ಪಾತ್ರೆಯ ಅಡಿಯಲ್ಲಿ ಕಾಂತರಾಜನ ತಿಪ್ಪೆಯ ಕಾವು ಕುಡಿದಿದ್ದವು.

"ಇದೆಲ್ಲಿಂದ ಬಂತು? ಇಪ್ಪತ್ತೊಂದೇ ಅಂದ್ಯಲ್ಲ!"

"ಇಪ್ಪತ್ತೊಂದವೆ ಅಂದೆ. ಇಷ್ಟೇ ಅಂದ್ನಾ? ಬೀಜದ ಕಾಯಿ ತಿಂದೋನ್ ಕೈಗೆ ಇರೋ ಬೀಜ ಎಲ್ಲಾ ಕೊಡಾಕೆ ನಂಗೇನ್ ತಲೆ ಕೆಟ್ಟಿತ್ತಾ?"

"ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

"ಏಳಿದ್ರೆ ನೀನು ಇದಕ್ಕೂ ಅಗ್ಗ ಕಟ್ತಿದ್ದೆ. ಗಿಡ ಸೆಲ್ವಿ ಇತ್ಲಲ್ಲಿ ಬೆಳೀತವೆ. ಉಗಾದಿಗೆ ಕಾಯಿ ಬಿಟ್ಟಾಗ ಅವಳ್ನ ಕೇಳು, ಕೊಟ್ರೆ ತಿನ್ನು."

"ಕೊಡ್ತೀನಣ್ಣಾ," ಎಂದಳು ಸೆಲ್ವಿ, ನೆಲ ನೋಡುತ್ತ. "ಆದ್ರೆ ಇವತ್ತು ಇಡ್ಲಿ ಕಲ್ಲಾಗೋಯ್ತು. ತಿಂದೋರೆಲ್ಲಾ ಬೈದು ಓದ್ರು. ನಾಳೆ ಹಿಟ್ಟಿಗೆ..."

ಕಾಂತರಾಜನ ಕೈ ವಿಷಲ್ ಹುಡುಕಿ, ಸಿಕ್ಕಿದ ವಿಷಲನ್ನು ಹಾಗೇ ಬಿಟ್ಟಿತು.

"ಬೀಜದ ಕಾಯಿ ತಿಂದೋನೇ, ನಿಂತ್ಕಂಡ್ ಏನ್ ನೋಡ್ತೀಯ?" ಎಂದಳು ಪೆದ್ದಮ್ಮ. "ಅಷ್ಟು ಕಾವು ಗಾಳಿಗೋಯ್ತಾ ಐತೆ. ಓಗಿ ಅವಳ ಪಾತ್ರೆ ಎತ್ಕಂಡ್ ಬಾ."

ಅವನು ಬೀದಿ ದಾಟಿ ಹೋಗಿ ಹಿಟ್ಟಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಅಷ್ಟರಲ್ಲಿ ಕುಪ್ಪುಸ್ವಾಮಿ ತಾತ ತಮ್ಮ ಕುರ್ಚಿ ಎಳೆದು ಹಾಕಿಕೊಂಡು ಪಂಚೆ ಮೇಲೆತ್ತುತ್ತಿದ್ದರು.

"ಮೆಲ್ಲಗೆ ತಂಬಿ," ಎಂದರು, "ಹಿಟ್ಟು ತುಳುಕ್ತದೆ."